ಹಾಲಿಗೆ ಹೋದವರು ತಂದ ಹುಳ

2012ನೇ ಇಸವಿ. ಅಮೆರಿಕದ ಅರ್ಕಾನ್ಸಾ ರಾಜ್ಯದ ಫಯೆಟ್‌ವಿಲ್ ಅನ್ನೋ ಊರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮೈಕೆಲ್ ಸ್ಕ್ವಾರ್ಲಾ ಹಾಲು ತರೋಣ ಅಂತ ವಾಲ್‌ಮಾರ್ಟ್ ಅಂಗಡಿಗೆ ಹೊರಟಿದ್ದರು. ಒಳಗೆ ಕಾಲಿಡುವ ಮುಂಚೆ ಕಟ್ಟಡದ ಗೋಡೆಗೆ ಒಂದು ದೊಡ್ಡ ಹುಳ ಅಂಟಿಕೊಂಡಿರುವುದು ಕಣ್ಣಿಗೆ ಬಿತ್ತು. ಕೀಟ ಓದುವವರ ಕಣ್ಣು, ಸುಮ್ಮನೆ ದಾಟಿ ಹೋಗೋದಿಲ್ಲ. ಮೆಲ್ಲಗೆ ಹಿಡಿದು, ಬೆರಳ ನಡುವೆ ಇಟ್ಟುಕೊಂಡೇ ಅಂಗಡಿಯೊಳಗೆ ಓಡಾಡಿ, ಬೇಕಾದ ಸಾಮಾನು ತಗೊಂಡು ಮನೆಗೆ ಬಂದರು. ಸೂಜಿಗೆ ಚುಚ್ಚಿ ಒಣಗಿಸಿ, 'ಇರುವೆಸಿಂಹ' ಅಂತ ಗುರುತಿಸಿ ತಮ್ಮ ಸಂಗ್ರಹಕ್ಕೆ ಸೇರಿಸಿದರು. ಆಮೇಲೆ ಮರೆತೇಬಿಟ್ಟರು. ಒಂದೆರಡು ದಿನ ಅಲ್ಲ, ಎಂಟು ವರ್ಷ.

ಆ ಹುಳ ಇರುವೆಸಿಂಹ ಆಗಿರಲಿಲ್ಲ. ಉತ್ತರ ಅಮೆರಿಕ ಖಂಡದ ಪೂರ್ವ ಭಾಗದಲ್ಲಿ ಐವತ್ತು ವರ್ಷಕ್ಕೂ ಮೇಲ್ಪಟ್ಟು ಯಾರ ಕಣ್ಣಿಗೂ ಬೀಳದೆ, ಅಲ್ಲಿಂದ ಪೂರ್ತಿ ಅಳಿದೇ ಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದ ದೈತ್ಯ ಜಾಲರೆಕ್ಕೆ ಅದು. ಅರ್ಕಾನ್ಸಾ ರಾಜ್ಯದಲ್ಲಂತೂ ಅದಕ್ಕೂ ಮುಂಚೆ ಒಂದೇ ಒಂದು ದಾಖಲೆಯೂ ಇರಲಿಲ್ಲ. ಅಂದರೆ ಸ್ಕ್ವಾರ್ಲಾ ಒಂದು ಕಳೆದುಹೋದ ಜೀವವನ್ನು ಹುಡುಕಿದ ದಿನವೇ ಅದನ್ನು ಇನ್ನೊಂದು ಸಲ ಕಳೆದರು. ಮೊದಲ ಸಲ ಅದು ಕಳೆದದ್ದು ಕಾಡಿನಿಂದ, ಎರಡನೇ ಸಲ ಲೇಬಲ್ಲಿನಿಂದ.

ಈ ಕಥೆ ಓದಿದಾಗಿನಿಂದ ನನ್ನ ತಲೆಯಲ್ಲಿ ಅದೇ ಕೊರೀತಾ ಇದೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಿ ಆ ಹುಳದ ಇತಿಹಾಸ ಹೇಳ್ತೀನಿ.

ಜಾಲರೆಕ್ಕೆ ಅಂದರೆ ಏನು? ಹೊಲಗದ್ದೆ ಕಂಡವರಿಗೆ ಈ ಕುಟುಂಬದ ಒಂದು ಹುಳ ಗೊತ್ತಿರುತ್ತೆ. ಸಂಜೆ ದೀಪ ಹಾಕಿದ ಮೇಲೆ ಗೋಡೆ ಮೇಲೆ ಬಂದು ಕೂರುವ, ತಿಳಿಹಸಿರು ಮೈಯ, ಬಲೆ ನೇಯ್ದಂಥ ಪಾರದರ್ಶಕ ರೆಕ್ಕೆಯ, ಚಿನ್ನದ ಮಿಂಚಿನ ಕಣ್ಣಿನ ಪುಟ್ಟ ಹುಳ. ಅದರ ಮರಿ ಬೆಳೆಗೆ ಕೂರುವ ಹೇನುಗಳನ್ನು ಹಿಡಿದು ಹೀರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಂಥ ಕಡೆ ಇದನ್ನೇ ಸಾಕಿ ಬೆಳೆಸುತ್ತಾರೆ. ಜೈವಿಕ ಪೀಡೆ ನಿಯಂತ್ರಣ ಮಾಡುವ ರೈತರು ಇದನ್ನು ಕ್ರೈಸೊಪರ್ಲಾ ಅಂತ ಹೆಸರು ಹಿಡಿದೇ ಕರೀತಾರೆ. ಇದರ ದಾಯಾದಿಯೇ ಇರುವೆಸಿಂಹ. ಜಗಲಿ ಪಕ್ಕದ ನುಣುಪು ಮಣ್ಣಿನಲ್ಲಿ ಆಲಿಕೆಯಂಥ ಕುಳಿ ತೋಡಿ, ಜಾರಿ ಬೀಳುವ ಇರುವೆಗಾಗಿ ಕಾದು ಕೂತಿರುತ್ತಲ್ಲ, ನಾವು ಚಿಕ್ಕವರಿದ್ದಾಗ ಗುಬ್ಬಿಹುಳ ಅಂತ ಹಿಡಿದು ಅಂಗೈಮೇಲೆ ಹಿಂದಕ್ಕೆ ನಡೆಸುತ್ತಿದ್ದೆವಲ್ಲ, ಅದು ಇರುವೆಸಿಂಹದ ಮರಿ. ದೊಡ್ಡದಾದ ಮೇಲೆ ಏರೋಪ್ಲೇನ್ ಚಿಟ್ಟೆಯ ಥರ ಉದ್ದ ರೆಕ್ಕೆ ಬಂದು ಹಾರಿಹೋಗುತ್ತೆ.

ದೈತ್ಯ ಜಾಲರೆಕ್ಕೆಯೂ ಇದೇ ವಂಶದ್ದು. ಶಾಸ್ತ್ರೀಯ ಹೆಸರು ಪಾಲಿಸ್ಟಿಕೋಟಿಸ್ ಪಂಕ್ಟೇಟಾ. ಎರಡನೇ ಪದಕ್ಕೆ ಚುಕ್ಕೆಯುಳ್ಳದ್ದು ಅಂತ ಅರ್ಥ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು 5 ಸೆಂಟಿಮೀಟರ್. ಕಂದು ಬಣ್ಣ, ಮೇಲೆ ಕಡುಮಚ್ಚೆ. ಕೂತಾಗ ರೆಕ್ಕೆಯನ್ನು ಹೆಂಚಿನ ಮನೆಯ ಮಾಡಿನ ಹಾಗೆ ಇಳಿಬಿಟ್ಟುಕೊಳ್ಳುತ್ತದೆ, ದೂರದಿಂದ ನೋಡಿದವರು ಪತಂಗ ಅಂತಲೇ ತಿಳಿಯಬೇಕು. ಇದಕ್ಕೆ ಹೆಸರಿಟ್ಟದ್ದು 1793ರಲ್ಲಿ, ಡೆನ್ಮಾರ್ಕ್‌ನ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಷಿಯಸ್. ಜೀವಿಗಳಿಗೆಲ್ಲ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನ ಶಿಷ್ಯ ಆತ. ಇದರ ಹತ್ತಿರದ ಬಂಧುಗಳ ಪಳೆಯುಳಿಕೆ ಜುರಾಸಿಕ್ ಕಾಲದ ಕಲ್ಲುಗಳಲ್ಲಿ ಸಿಗುತ್ತೆ. ಡೈನೋಸಾರ್‌ಗಳ ಜೊತೆ ಹಾರಾಡಿದ ಮನೆತನ ಅಂತ ಅಂದುಕೊಳ್ಳಿ.

ಇಷ್ಟು ದೊಡ್ಡ ಹುಳ, ಇಷ್ಟು ಹಳೇ ಹೆಸರು. ಇದರ ಬಗ್ಗೆ ಎಲ್ಲ ಗೊತ್ತಿರಬೇಕು ಅಲ್ವಾ? ಇಲ್ಲ. 1914ರಲ್ಲಿ ಪಾಲ್ ವೆಲ್ಚ್ ಎಂಬ ವಿಜ್ಞಾನಿ ಇದರ ಬಾಳಿನ ಆರಂಭದ ಹಂತಗಳ ಬಗ್ಗೆ ಒಂದು ಲೇಖನ ಬರೆದರು. ಮೊಟ್ಟೆ ಹೇಗಿರುತ್ತೆ, ಮೊಟ್ಟೆಯಿಂದ ಆಗಷ್ಟೇ ಬಂದ ಮರಿ ಹೇಗಿರುತ್ತೆ ಅಂತ. ಅಲ್ಲಿಂದ ಮುಂದಿನದು ಇವತ್ತಿಗೂ ಕತ್ತಲೆ. ಮರಿ ಮಣ್ಣಿನೊಳಗೆ ಬೆಳೆಯುತ್ತೆ ಅನ್ನೋದು ಅಂದಾಜು. ರೆಕ್ಕೆ ಬಂದು ಮೇಲೆದ್ದಾಗ ಮಾತ್ರ, ಅದೂ ದೀಪದ ಹತ್ತಿರ ಸುಳಿದಾಗ, ಮನುಷ್ಯರಿಗೆ ಕಾಣುತ್ತೆ.

ಇದು ಈ ಒಂದು ಹುಳದ ಪಾಡಲ್ಲ. ಜಾಲರೆಕ್ಕೆಗಳಲ್ಲೇ ಇನ್ನೊಂದು ಕುಟುಂಬ ಇದೆ, ಮಣಿ ಜಾಲರೆಕ್ಕೆ ಅನ್ನಬಹುದು. ಮೀಸೆ ಮಣಿ ಪೋಣಿಸಿದ ದಾರದ ಹಾಗಿರುತ್ತೆ. ಇಡೀ ಪ್ರಪಂಚದಲ್ಲಿ ನೂರಕ್ಕಿಂತ ಸ್ವಲ್ಪ ಹೆಚ್ಚು ಜಾತಿ ಅಷ್ಟೇ, ಬಹುಪಾಲು ಅಪರೂಪಕ್ಕೆ ಸಿಗುವಂಥವು. ಉತ್ತರ ಅಮೆರಿಕದಲ್ಲಿರುವ ಈ ಕುಟುಂಬದ ಹುಳಗಳ ಕುಲದ ಹೆಸರು ಲೊಮಾಮಿಯಾ. ಇವು ಬೆಳೆಯೋದು ಎಲ್ಲಿ ಗೊತ್ತಾ? ಗೆದ್ದಲಿನ ಗೂಡಿನೊಳಗೆ!

ಮಳೆಗಾಲದ ಮೊದಲ ವಾರ ದೀಪಕ್ಕೆ ಮುತ್ತುವ ಈಸಲು ಹುಳ ನೋಡಿ ಬೆಳೆದ ನನಗೆ, ಗೆದ್ದಲಿನ ಮನೆಯೊಳಗೆ ಹೀಗೊಬ್ಬ ಕಳ್ಳ ಇರಬಹುದು ಅಂತ ಕನಸಲ್ಲೂ ಹೊಳೆದಿರಲಿಲ್ಲ. ತಾಯಿ ಹುಳ ಗೆದ್ದಲು ಹಿಡಿದ ಮರದ ಹತ್ತಿರ, ಸಣ್ಣ ದಂಟಿನ ತುದಿಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಗೂಡಿನೊಳಗೆ ನುಸುಳುತ್ತದೆ. ಕೂದಲೆಳೆಯಷ್ಟು ಸಣ್ಣ ಮರಿ ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಗೆದ್ದಲನ್ನು ಹೇಗೆ ಕೊಲ್ಲಬೇಕು? ಹತ್ತಿರ ಹೋಗಿ, ತಿರುಗಿ, ತನ್ನ ಹಿಂಭಾಗದ ತುದಿಯನ್ನು ಗೆದ್ದಲಿನ ತಲೆಯ ಮುಂದೆ ಆಡಿಸುತ್ತದೆ. ಅಲ್ಲಿಂದ ಹೊರಡುವ ಆವಿಗೆ ಒಂದು ಮೂರು ನಿಮಿಷದೊಳಗೆ ಗೆದ್ದಲು ಅಲುಗಾಡದೆ ಬೀಳುತ್ತದೆ. ಆಮೇಲೆ ನಿಧಾನಕ್ಕೆ ಊಟ. ಎರಡನೇ ಹಂತದಲ್ಲಿ ಏನೂ ತಿನ್ನದೆ ಚಾವಣಿಗೆ ಜೋತುಬಿದ್ದಿರುತ್ತದೆ. ಮೂರನೇ ಹಂತಕ್ಕೆ ಬಂದ ಮೇಲೆ ಒಂದೇ ಏಟಿಗೆ ಆರು ಗೆದ್ದಲುಗಳನ್ನು ಕೆಡವಬಲ್ಲದು. ಇದನ್ನು ಕ್ಯಾಲಿಫೋರ್ನಿಯಾದ ಲೊಮಾಮಿಯಾ ಲಾಟಿಪೆನ್ನಿಸ್‌ನಲ್ಲಿ ಕಂಡು 1981ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದವರು ಜಾನ್ಸನ್ ಮತ್ತು ಹೇಗನ್. ಓದಿ ನಮ್ಮ ಆಫೀಸಿನ ಗೆಳೆಯರಿಗೆ ಹೇಳಿದೆ, ಒಬ್ಬರೂ ನಂಬಲಿಲ್ಲ. ಹೂಸು ಬಿಟ್ಟು ಬೇಟೆಯಾಡೋ ಹುಳಾನಾ ಅಂತ ನಕ್ಕರು.

ಇದನ್ನು ಇಲ್ಲಿ ಹೇಳಿದ್ದಕ್ಕೆ ಕಾರಣ ಇದೆ. ಬಾಳಿನ ದೊಡ್ಡ ಪಾಲನ್ನು ನೆಲದಡಿಯಲ್ಲೋ ಕೊಳೆತ ಮರದೊಳಗೋ ಕಳೆಯುವ ಹುಳ ಎಲ್ಲೆಲ್ಲಿದೆ ಅಂತ ನಕ್ಷೆ ಹಾಕೋದು ಹೇಗೆ? ಅದು ಯಾವುದೋ ರಾತ್ರಿ ಯಾವುದೋ ದೀಪಕ್ಕೆ ಬರಬೇಕು, ಆ ದೀಪದ ಕೆಳಗೆ ಅದನ್ನು ನೋಡುವ ಮನಸ್ಸಿರುವ ಮನುಷ್ಯ ಇರಬೇಕು, ಆತ ಅದನ್ನು ಹಿಡಿದು ಊರು, ತಾರೀಖು, ತನ್ನ ಹೆಸರು ಬರೆದಿಡಬೇಕು. ಅಷ್ಟಾದರೂ ಸಾಲದು. ಲೊಮಾಮಿಯಾದಲ್ಲಿ ಯಾವ ಜಾತಿ ಅಂತ ಖಚಿತ ಮಾಡಲು ಗಂಡು ಹುಳದ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಬೇಕಾಗುತ್ತೆ. ಇಷ್ಟೂ ಕೂಡಿ ಬಂದರೆ ನಕ್ಷೆಯ ಮೇಲೆ ಒಂದು ಚುಕ್ಕೆ. ಒಂದೇ ಒಂದು. ಹಾಗಾಗಿ ಇಂಥ ನಕ್ಷೆಗಳಲ್ಲಿ ಕಾಣೋದು ಹುಳ ಎಲ್ಲಿದೆ ಅನ್ನೋದಕ್ಕಿಂತ ಹೆಚ್ಚಾಗಿ ಹುಳ ನೋಡುವವರು ಎಲ್ಲಿದ್ದರು ಅನ್ನೋದು.

ಈ ಎರಡೂ ಕುಟುಂಬಗಳ ಲೆಕ್ಕವನ್ನು ಒಟ್ಟಿಗೆ ಬರೆದವರು ಒಬ್ಬರಿದ್ದಾರೆ. ಹಾರ್ವರ್ಡ್‌ನ ಫ್ರಾಂಕ್ ಕಾರ್ಪೆಂಟರ್. ಮೂಲತಃ ಕೀಟಗಳ ಪಳೆಯುಳಿಕೆ ಓದುವವರು. 1940ರಲ್ಲಿ ಉತ್ತರ ಅಮೆರಿಕದ ಜಾಲರೆಕ್ಕೆಗಳ ಹಲವು ಕುಟುಂಬಗಳನ್ನು ಒಂದೇ ಪರಿಷ್ಕರಣೆಯಲ್ಲಿ ಸೇರಿಸಿದರು, ಅದರಲ್ಲಿ ಮಣಿ ಜಾಲರೆಕ್ಕೆಯೂ ಇತ್ತು, ದೈತ್ಯ ಜಾಲರೆಕ್ಕೆಯ ಕುಟುಂಬವೂ ಇತ್ತು. ಆ ಕಾಲಕ್ಕೆ ದೈತ್ಯ ಜಾಲರೆಕ್ಕೆ ಖಂಡದ ಉದ್ದಗಲಕ್ಕೂ ಇದ್ದ ಹುಳ. ಪೂರ್ವದಲ್ಲೂ ಇತ್ತು, ಪಶ್ಚಿಮದಲ್ಲೂ ಇತ್ತು.

ಮುಂದಿನ ಹತ್ತು ಹದಿನೈದು ವರ್ಷದೊಳಗೆ, ಅಂದರೆ 1950ರ ದಶಕದ ಹೊತ್ತಿಗೆ, ಪೂರ್ವದಲ್ಲಿ ಅದು ಇಲ್ಲವಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಹುಳ ಇಲ್ಲವಾಗುವುದು ಹೇಗಿರುತ್ತೆ? ಹುಲಿ ಸತ್ತರೆ ಸುದ್ದಿ, ಆನೆ ಸತ್ತರೆ ಸುದ್ದಿ. ಹುಳದ್ದು ಹಾಗಲ್ಲ. ಯಾರೋ ಒಬ್ಬರು ಒಂದು ಬೇಸಿಗೆ ರಾತ್ರಿ ಅದನ್ನು ಕಡೇ ಸಲ ಹಿಡಿದಿರುತ್ತಾರೆ, ಅದು ಕಡೇದು ಅಂತ ಅವರಿಗೆ ಗೊತ್ತಿರೋದಿಲ್ಲ. ಮುಂದಿನ ವರ್ಷ ಬರಲಿಲ್ಲ, ಸರಿ, ಮಳೆ ಜಾಸ್ತಿ ಆಯ್ತೇನೋ. ಅದರ ಮುಂದಿನ ವರ್ಷವೂ ಬರಲಿಲ್ಲ, ನಾವೇ ಸರಿಯಾಗಿ ನೋಡಲಿಲ್ಲವೇನೋ. ಹಿಡಿಯುತ್ತಿದ್ದವರು ನಿವೃತ್ತರಾದರು, ಹೊಸಬರಿಗೆ ಅದು ಮೊದಲಿತ್ತು ಅನ್ನೋದೇ ಗೊತ್ತಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಯಾರೋ ಮ್ಯೂಸಿಯಮ್ಮಿನ ಡ್ರಾಯರ್ ಎಳೆದು ಲೇಬಲ್‌ಗಳ ತಾರೀಖು ಓದುತ್ತಾ ಹೋದಾಗ, ಅರೆ, ಇದಾದ ಮೇಲೆ ಒಂದೂ ಇಲ್ಲವಲ್ಲ ಅಂತ ಬೆಚ್ಚುತ್ತಾರೆ. ಸಾವಿನ ಸುದ್ದಿ ಬರೋದು ಆಗ.

2020ರ ಕೊನೆಯ ತಿಂಗಳುಗಳು. ಕೋವಿಡ್ ಕಾಲ. ಸ್ಕ್ವಾರ್ಲಾ ಆಗ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೀಟಗಳನ್ನು ಗುರುತಿಸಿಕೊಡುವ ಪ್ರಯೋಗಾಲಯದ ಮುಖ್ಯಸ್ಥರು. ಕ್ಲಾಸುಗಳೆಲ್ಲ ಆನ್‌ಲೈನ್. ಕೀಟ ವೈವಿಧ್ಯದ ಪಾಠ, ವಿದ್ಯಾರ್ಥಿಗಳು ಮನೆಗೆ ಕೊಂಡುಹೋಗಿದ್ದ ಸೂಕ್ಷ್ಮದರ್ಶಕ ಇಟ್ಟುಕೊಂಡು ಜೂಮ್‌ನಲ್ಲಿ ಕೂತಿದ್ದಾರೆ. ಮೇಷ್ಟ್ರು ತಮ್ಮ ಸ್ವಂತ ಸಂಗ್ರಹದಿಂದ ಒಂದೊಂದೇ ಹುಳ ತೆಗೆದು ತೋರಿಸುತ್ತಿದ್ದಾರೆ. ಇರುವೆಸಿಂಹದ ಸರದಿ ಬಂತು. ಆ ಹಳೇ ಸೂಜಿ ಎತ್ತಿಕೊಂಡು ಲಕ್ಷಣ ವಿವರಿಸಲು ಶುರು ಮಾಡಿದರೆ, ಒಂದೊಂದಾಗಿ ತಾಳೆಯಾಗುತ್ತಿಲ್ಲ.

ಗೊತ್ತಿದ್ದವರಿಗೆ ವ್ಯತ್ಯಾಸ ಸಣ್ಣದಲ್ಲ. ಇರುವೆಸಿಂಹದ ಮೀಸೆಯ ತುದಿ ಗದೆಯ ಹಾಗೆ ದಪ್ಪಗಿರುತ್ತೆ, ದೈತ್ಯ ಜಾಲರೆಕ್ಕೆಯದು ದಾರದ ಹಾಗೆ ಉದ್ದಕ್ಕೂ ಸಣ್ಣ. ರೆಕ್ಕೆಯ ನರಗಳ ಹೆಣಿಗೆಯೂ ಬೇರೆ. ಮೇಷ್ಟ್ರು ಮಾತು ನಿಲ್ಲಿಸಿದರು. ತಾವು ಹಾಕಿದ ಲೇಬಲ್ ತಪ್ಪು ಅಂತ ಗೊತ್ತಾಯಿತು. ಮರೆಮಾಚಲಿಲ್ಲ. ಕ್ಲಾಸಿನ ಹುಡುಗರ ಮುಂದೆಯೇ, ಅವರ ಜೊತೆಯಲ್ಲೇ, ಹಾಗಾದರೆ ಇದು ಏನು ಅಂತ ಹುಡುಕಲು ಕೂತರು. ಕೊನೆಗೆ ಸಿಕ್ಕ ಹೆಸರು ಪಾಲಿಸ್ಟಿಕೋಟಿಸ್ ಪಂಕ್ಟೇಟಾ. ಆಮೇಲೆ ಡಿಎನ್ಎ ಪರೀಕ್ಷೆಯೂ ಆಯಿತು, ಅನುಮಾನ ಉಳಿಯಲಿಲ್ಲ. ಈಗ ಆ ಹುಳ ಪೆನ್ ಸ್ಟೇಟ್‌ನ ಫ್ರಾಸ್ಟ್ ಕೀಟ ಮ್ಯೂಸಿಯಮ್ಮಿನಲ್ಲಿದೆ.

ಕೀಟ ಗುರುತಿಸುವುದೇ ಕೆಲಸವಾಗಿರುವ ಒಬ್ಬರು, ತಮ್ಮದೇ ಹಳೇ ತಪ್ಪನ್ನು ವಿದ್ಯಾರ್ಥಿಗಳ ಮುಂದೆ ತೆರೆದಿಟ್ಟದ್ದು ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಜಾಗ. ಕೋಡ್ ಬರೆಯುವ ನಮಗೆ ಈ ಕಷ್ಟ ಗೊತ್ತು. ಎಂಟು ವರ್ಷದ ಹಿಂದೆ ನಾವೇ ಬರೆದ ಸಾಲು ತಪ್ಪು ಅಂತ ಜೂನಿಯರ್‌ಗಳು ತುಂಬಿದ ಕಾಲ್‌ನಲ್ಲಿ ಗೊತ್ತಾದರೆ, 'ಇದನ್ನ ಆಫ್‌ಲೈನ್ ನೋಡೋಣ' ಅಂತ ಜಾರಿಕೊಳ್ಳೋರೇ ಜಾಸ್ತಿ. ನಾನೂ ಜಾರಿಕೊಂಡಿದ್ದೇನೆ.

ಹುಳ ಗುರುತಿಸಿದ್ದು ಅರ್ಧ ಕೆಲಸ. ಇದೊಂದೇ ಸಿಕ್ಕಿತೋ, ಬೇರೆಲ್ಲಾದರೂ ಇದೆಯೋ? ಸ್ಕ್ವಾರ್ಲಾ ಮತ್ತು ಜೊತೆಗಾರ ರೇ ಫಿಶರ್ ಮ್ಯೂಸಿಯಮ್‌ಗಳ ಸಂಗ್ರಹದ ದಾಖಲೆಗಳನ್ನೂ, ಜನಸಾಮಾನ್ಯರು ಫೋಟೋ ತೆಗೆದು ಹಾಕಿದ ದಾಖಲೆಗಳನ್ನೂ ಒಟ್ಟುಗೂಡಿಸಿ ಒಂದೇ ನಕ್ಷೆಯ ಮೇಲೆ ಇಟ್ಟರು. ಹೇಳೋಕೆ ಒಂದು ಸಾಲು. ಡೇಟಾ ಜೊತೆ ಗುದ್ದಾಡಿದವರಿಗೆ ಗೊತ್ತು ಇದು ಎಂಥ ಕೆಲಸ ಅಂತ. ಹಳೇ ಲೇಬಲ್‌ಗಳು ಬೆರಳ ಉಗುರಿನಷ್ಟು ಚೀಟಿ. ಕೆಲವದರಲ್ಲಿ ಊರಿನ ಹೆಸರಿರುತ್ತೆ, ಕೆಲವದರಲ್ಲಿ ಬರೀ ರಾಜ್ಯದ ಹೆಸರು. ರಾಜ್ಯದ ಹೆಸರನ್ನು ಅಕ್ಷಾಂಶ ರೇಖಾಂಶ ಮಾಡೋದು ಹೇಗೆ? ಚುಕ್ಕೆಯ ಸುತ್ತ ಇಷ್ಟು ಕಿಲೋಮೀಟರ್ ಹೆಚ್ಚುಕಮ್ಮಿ ಇರಬಹುದು ಅಂತ ಪ್ರಾಮಾಣಿಕವಾಗಿ ಬರೆಯಬೇಕು. ಇಲ್ಲದ ನಿಖರತೆಯನ್ನು ತುಂಬಿಬಿಟ್ಟರೆ ನಕ್ಷೆ ಚೆನ್ನಾಗಿ ಕಾಣುತ್ತೆ, ಆದರೆ ಸುಳ್ಳು ಹೇಳುತ್ತೆ.

2022ರಲ್ಲಿ ವಾಷಿಂಗ್ಟನ್ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅವರ ಲೇಖನ ಬಂತು. ನಕ್ಷೆ ತೋರಿಸಿದ್ದು ಇದು: ಅಲಾಸ್ಕಾದಿಂದ ಪನಾಮಾವರೆಗೆ, ಪೂರ್ವ ಪಶ್ಚಿಮ ಎರಡೂ ಕಡೆಯ ಹಲವು ಪರಿಸರ ವಲಯಗಳಲ್ಲಿ ಈ ಹುಳದ ದಾಖಲೆ ಇದೆ. ಆದರೆ ಪೂರ್ವದ ಚುಕ್ಕೆಗಳೆಲ್ಲ ಹಳೆಯವು. ಪಶ್ಚಿಮದಲ್ಲಿ ಮಾತ್ರ ಹೊಸ ಚುಕ್ಕೆಗಳು ಬೀಳುತ್ತಲೇ ಇವೆ. ಮಧ್ಯದಲ್ಲಿ ಒಂಟಿಯಾಗಿ ಫಯೆಟ್‌ವಿಲ್‌ನ ಚುಕ್ಕೆ.

ಪೂರ್ವದಲ್ಲಿ ಯಾಕೆ ಅಳಿಯಿತು? ಕೆಲವು ಊಹೆಗಳಿವೆ. ಒಂದು, ಬೆಂಕಿ. ಈ ಹುಳಕ್ಕೆ ಕಾಡ್ಗಿಚ್ಚು ಹಾದುಹೋದ ನೆಲ ಬೇಕಾಗಿರಬಹುದು. ಅಮೆರಿಕದ ಮೂಲನಿವಾಸಿಗಳು ಕಾಡಿನ ನೆಲವನ್ನು ಆಗಾಗ ಸುಡುತ್ತಿದ್ದರು. 1910ರಲ್ಲಿ ಪಶ್ಚಿಮದಲ್ಲಿ ಭೀಕರ ಕಾಡ್ಗಿಚ್ಚಾದ ಮೇಲೆ ಸರ್ಕಾರಕ್ಕೆ ಬೆಂಕಿ ಅಂದರೆ ಶತ್ರು. 1935ರಲ್ಲಿ ಅರಣ್ಯ ಇಲಾಖೆ ಒಂದು ನಿಯಮವನ್ನೇ ತಂದಿತು: ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು. 1944ರಲ್ಲಿ ಟೋಪಿ ಹಾಕಿದ ಕರಡಿಯ ಚಿತ್ರ ಅಂಟಿಸಿ ಮನೆಮನೆಗೂ ಪ್ರಚಾರ ಮಾಡಿದರು. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಕಾಡಿನ ಬೆಂಕಿ ಆರಿದ ಕಾಲ, ಈ ಹುಳ ಮಾಯವಾದ ಕಾಲ, ಎರಡೂ ಹತ್ತಿರ ಹತ್ತಿರ.

ಎರಡನೇ ಊಹೆ, ಎರೆಹುಳ. ನಮಗೆ ಎರೆಹುಳ ಅಂದರೆ ರೈತನ ಮಿತ್ರ. ಆದರೆ ಹಿಮಯುಗದಲ್ಲಿ ಮಂಜಿನಡಿ ಹೂತಿದ್ದ ಉತ್ತರ ಅಮೆರಿಕದ ಕಾಡುಗಳಲ್ಲಿ ಎರೆಹುಳವೇ ಇರಲಿಲ್ಲ. ಯುರೋಪಿನವರ ಜೊತೆ ಬಂದ ಎರೆಹುಳಗಳು ಅಲ್ಲಿನ ತರಗೆಲೆಯ ದಪ್ಪ ಹಾಸನ್ನು ತಿಂದು ಮಣ್ಣಿನ ಗುಣವನ್ನೇ ಬದಲಿಸಿದವು. ಜೊತೆಗೆ ಹೊರಗಿನಿಂದ ಬಂದ ದೊಡ್ಡ ನೆಲಜೀರುಂಡೆಗಳು, ಊರು ಬೆಳೆದಂತೆ ಹೆಚ್ಚಿದ ರಾತ್ರಿ ದೀಪಗಳು. ಇವುಗಳಲ್ಲಿ ಯಾವುದು ಕೊಂದಿತು ಅಂತ ಸಾಬೀತಾಗಿಲ್ಲ. ಬಹುಶಃ ಇನ್ನು ಆಗೋದೂ ಕಷ್ಟ. ಮರಿ ಏನು ತಿನ್ನುತ್ತಿತ್ತು ಅಂತಲೇ ಗೊತ್ತಿಲ್ಲದ ಹುಳಕ್ಕೆ ಹಸಿವಾಗಿ ಸತ್ತಿತೋ ಬೇರೆ ಕಾರಣಕ್ಕೋ ಅಂತ ಹೇಗೆ ಹೇಳೋದು?

ಹಾಗಾದರೆ ಫಯೆಟ್‌ವಿಲ್‌ನ ಹುಳ ಬಂದದ್ದೆಲ್ಲಿಂದ? ಲಾರಿಯಲ್ಲಿ ಬಂತು ಅನ್ನಬಹುದು. ಆದರೆ ಈಗ ಈ ಹುಳ ಇರುವ ಅತಿ ಹತ್ತಿರದ ಜಾಗ ಅಲ್ಲಿಂದ ಸುಮಾರು 1,900 ಕಿಲೋಮೀಟರ್ ದೂರ. ಅಷ್ಟು ದೂರದಿಂದ ಬಂದಿರಲಾರದು, ಅಂಗಡಿಯ ದೀಪಕ್ಕೆ ಆಸುಪಾಸಿನಿಂದಲೇ ಹಾರಿ ಬಂದಿರಬೇಕು ಅನ್ನುವುದು ಸಂಶೋಧಕರ ಅಭಿಪ್ರಾಯ. ಫಯೆಟ್‌ವಿಲ್ ಇರುವುದು ಓಝಾರ್ಕ್ ಬೆಟ್ಟಸಾಲಿನಲ್ಲಿ. ಹಿಮಯುಗದ ಮಂಜು ಅಲ್ಲಿಯವರೆಗೆ ಬರಲಿಲ್ಲ. ಬೇರೆಲ್ಲೂ ಇಲ್ಲದ ಹತ್ತಾರು ಜೀವಿಗಳು ಅಲ್ಲಿವೆ, ದೂರದ ಜಾಗಗಳಲ್ಲಿ ಮಾತ್ರ ಇರುವ ಜೀವಿಗಳ ತುಂಡು ಗುಂಪುಗಳೂ ಅಲ್ಲಿ ಉಳಿದುಕೊಂಡಿವೆ. ಅಂಥದೊಂದು ಕಣಿವೆಯಲ್ಲಿ ದೈತ್ಯ ಜಾಲರೆಕ್ಕೆಯ ಒಂದು ಸಣ್ಣ ಸಂಸಾರ ಉಳಿದಿರಬಹುದು. 2012ರಲ್ಲೇ ಗೊತ್ತಾಗಿದ್ದರೆ ಮುಂದಿನ ಬೇಸಿಗೆಗಳಲ್ಲಿ ಅಲ್ಲೇ ದೀಪ ಕಟ್ಟಿ ಕಾಯಬಹುದಿತ್ತು. ಗುರುತು ತಪ್ಪಿದ್ದಕ್ಕೆ ತೆತ್ತ ಬೆಲೆ ಆ ಎಂಟು ಬೇಸಿಗೆ.

ಆದರೂ ಒಂದು ಮಾತು ಹೇಳಬೇಕು. ಹೆಸರು ತಪ್ಪಾಗಿತ್ತು, ಜಾಗ ತಾರೀಖು ತಪ್ಪಾಗಿರಲಿಲ್ಲ. ಹುಳ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಹೆಸರನ್ನು ಎಂದಾದರೂ ತಿದ್ದಬಹುದು, ಬರೆದಿಡದ ಜಾಗ ತಾರೀಖನ್ನು ಯಾರೂ ತಿರುಗಿ ತರಲಾರರು.

ನಮ್ಮೂರಲ್ಲಿ ನಾನು ಹೈಸ್ಕೂಲಿಗೆ ಹೋಗುವಾಗ ಮುಂಗಾರಿನ ರಾತ್ರಿ ದೀಪದ ಕೆಳಗೆ ನೀರಿನ ಬೇಸಿನ್ ಇಡುತ್ತಿದ್ದೆವು. ಬೆಳಗ್ಗೆ ನೋಡಿದರೆ ಈಸಲು ತುಂಬಿರುತ್ತಿತ್ತು, ಜೊತೆಗೆ ಹೆಸರೇ ಗೊತ್ತಿಲ್ಲದ ಇನ್ನೂ ಎಷ್ಟೋ ಹುಳ. ಎಲ್ಲವನ್ನೂ ತಿಪ್ಪೆಗೆ ಚೆಲ್ಲುತ್ತಿದ್ದೆವು. ಈಗ ಹೋದಾಗ ಹುಳ ಕಮ್ಮಿ ಅನಿಸುತ್ತೆ. ಅನಿಸುತ್ತೆ ಅಷ್ಟೇ. ಯಾವುದು ಕಮ್ಮಿ, ಯಾವಾಗಿನಿಂದ, ಎಷ್ಟು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆ ಬೇಸಿನ್ನಿನಲ್ಲಿ ಒಂದು ಮಣಿ ಜಾಲರೆಕ್ಕೆ ಇದ್ದಿರಬಹುದು, ಇರದೆಯೂ ಇರಬಹುದು. ಬರೆದಿಟ್ಟವರು ಯಾರೂ ಇಲ್ಲ.

ಹೋದ ವರ್ಷದಿಂದ ಊರಿಗೆ ಹೋದಾಗಲೆಲ್ಲ ರಾತ್ರಿ ಹಜಾರದ ಟ್ಯೂಬ್‌ಲೈಟ್ ಹತ್ತಿರ ಬಂದ ಹುಳಗಳ ಫೋಟೋ ತೆಗೆದು, ಊರು, ತಾರೀಖು, ಗಂಟೆ ಬರೆದಿಡ್ತಿದ್ದೀನಿ. ಹೆಸರಿನ ಜಾಗ ಬಹುಪಾಲು ಖಾಲಿ. "ಹುಳಹುಪ್ಪಟೆದು ಏನ್ ಫೋಟೋ ತೆಗೀತೀಯಪ್ಪ, ಅನ್ನ ಆರೋಗ್ತಿದೆ ಬಾ" ಅಂತಾರೆ ಅಮ್ಮ. ಬಂದೆ ಅಂತೀನಿ. ಇನ್ನೊಂದು ಫೋಟೋ ತೆಗೆದು ಹೋಗಿ ಉಣ್ತೀನಿ.